ಬಿದ್ದು, ಎದ್ದು, ಅತ್ತು, ಕಿತ್ತು: 'ೞ' ಅಕ್ಷರ ಎಲ್ಲಿ ಹೋಯಿತು?

ಓದುಗರ ಪ್ರಶ್ನೆ: ನಮ್ಮೂರ ಕೆರೆ ಏರಿಯ ಮೇಲೆ ಒಂದು ಹಳೆಯ ಶಾಸನದ ಕಲ್ಲಿದೆ. ಅದರಲ್ಲಿ ಏನು ಬರೆದಿದೆ ಅನ್ನುವುದು ಒಂದು ಪುಸ್ತಕದಲ್ಲಿ ಅಚ್ಚಾಗಿದೆ. ಓದಲು ಕೂತರೆ 'ೞ' ಅಂತ ಒಂದು ಅಕ್ಷರ ಮತ್ತೆ ಮತ್ತೆ ಸಿಗುತ್ತೆ. 'ಱ' ಅಂತ ಇನ್ನೊಂದೂ ಇದೆ. ಹೈಸ್ಕೂಲಿನಲ್ಲಿರುವ ಮಗಳು ಇದೇನು ಅಂತ ಕೇಳಿದಳು. ಅವಳ ಮೇಷ್ಟ್ರು 'ಅದನ್ನ ಳ ಅಂತಲೇ ಓದಿಕೋ' ಅಂದರಂತೆ. ಕಂಪ್ಯೂಟರಿನಲ್ಲಿ ಹುಡುಕಿದರೆ ಈ ಅಕ್ಷರದ ಹೆಸರು 'ಫ' ಅಂತ ತೋರಿಸುತ್ತೆ. ನಿಜವಾಗಿ ಇದು ಯಾವ ಅಕ್ಷರ? ಹೇಗೆ ಉಚ್ಚರಿಸಬೇಕು? ಯಾಕೆ ಕೈಬಿಟ್ಟರು? ಈಗ ನಾವು ಬರೆದರೆ ತಪ್ಪಾ?

ಉತ್ತರ:

ನಿಮ್ಮ ಮಗಳ ಮೇಷ್ಟ್ರು ಹೇಳಿದ್ದು ಅರ್ಧ ಸರಿ. ೞ ಕಂಡಲ್ಲೆಲ್ಲ ಳ ಅಂತ ಓದಿಕೊಂಡರೆ ಹೆಚ್ಚಿನ ಕಡೆ ಅರ್ಥ ಸಿಗುತ್ತೆ. ಮೞೆ ಅಂದರೆ ಮಳೆ, ಬಾೞೆ ಅಂದರೆ ಬಾಳೆ, ಕೋೞಿ ಅಂದರೆ ಕೋಳಿ, ಪುೞು ಅಂದರೆ ಹುಳು. ಆದರೆ ಹಳಗನ್ನಡದವರ ಬಾಯಲ್ಲಿ ಇದು ಳ ಆಗಿರಲಿಲ್ಲ. ಅವರ ಮಾತಿನಲ್ಲಿ ಳ ಬೇರೆ, ೞ ಬೇರೆ. ಎರಡೂ ಅಕ್ಷರ ಇದ್ದದ್ದು ಎರಡೂ ಉಲಿ ಇದ್ದದ್ದರಿಂದ. ಕಂಪ್ಯೂಟರ್ ಹೇಳುವ 'ಫ' ಮಾತ್ರ ಪೂರ್ತಿ ತಪ್ಪು. ಆ ತಪ್ಪಿಗೂ ಒಂದು ಕತೆ ಇದೆ, ಆಮೇಲೆ ಬರುತ್ತೇನೆ.

ಮೊದಲು ಉಚ್ಚಾರ. ನೀವೂ ಮಗಳೂ ಸೇರಿ ಈಗಲೇ ಮಾಡಿ ನೋಡಬಹುದು. 'ಳ' ಅನ್ನಿ. ನಾಲಿಗೆಯ ತುದಿ ಹಿಂದಕ್ಕೆ ಮಡಚಿಕೊಂಡು ಅಂಗುಳನ್ನು ಮುಟ್ಟುತ್ತೆ. ಗಾಳಿ ನಾಲಿಗೆಯ ಪಕ್ಕದಿಂದ ಹೊರಗೆ ಬರುತ್ತೆ. ಈಗ ನಾಲಿಗೆಯನ್ನು ಹಾಗೆಯೇ ಮಡಚಿ, ಆದರೆ ಅಂಗುಳಿಗೆ ತಾಗಿಸಬೇಡಿ. ಒಂದು ಚೂರು ಜಾಗ ಬಿಡಿ. ಗಾಳಿ ನಾಲಿಗೆಯ ಮೇಲಿಂದ ತಡೆಯಿಲ್ಲದೆ ಹರಿದು ಬರಲಿ. 'ರ' ಅಂದಾಗ ಆಗುವ ಹಾಗೆ ನಾಲಿಗೆ ಅದುರಬಾರದು. ಆಗ ಬರುವ ಸದ್ದೇ ೞ. ಕೇಳಲು ಸ್ವಲ್ಪ ರ ಇದ್ದ ಹಾಗೆ, ಸ್ವಲ್ಪ ಳ ಇದ್ದ ಹಾಗೆ. ನಮ್ಮ ಹಳೆಯ ವ್ಯಾಕರಣದವರು ಇದಕ್ಕೆ ಕೊಟ್ಟ ಹೆಸರು 'ರಳ'. ಹೆಸರಿನಲ್ಲೇ ಎರಡೂ ಇವೆ ನೋಡಿ.

ಬಾಯಲ್ಲಿ ಬರಲಿಲ್ಲ ಅಂದರೆ ಬೇಸರ ಬೇಡ. ಮಲಯಾಳ ಮಾತಾಡುವ ಗೆಳೆಯರು ಯಾರಾದರೂ ಇದ್ದರೆ ಆಲಪ್ಪುೞ ಅನ್ನಲು ಹೇಳಿ. ಊರಿನ ಹೆಸರಿನ ಕೊನೆಯ ಅಕ್ಷರವೇ ನಿಮಗೆ ಬೇಕಾದದ್ದು. ತಮಿಳಿನವರಾದರೆ ಅವರ ಭಾಷೆಯ ಹೆಸರಿನ ಕೊನೆಯ ಉಲಿ ಇದೇ: ತಮಿೞ್. ಈ ಎರಡು ಭಾಷೆಗಳಲ್ಲಿ ಅಕ್ಷರವೂ ಉಳಿದಿದೆ, ಉಲಿಯೂ ಉಳಿದಿದೆ. ಆದರೆ ಆಡುಮಾತಿನ ತಮಿಳಿನಲ್ಲಿ ಎಷ್ಟೋ ಜನ ಇದನ್ನು ಳ ಅಂತಲೇ ಹೇಳಿಬಿಡುತ್ತಾರೆ. ಕನ್ನಡದಲ್ಲಿ ಸಾವಿರ ವರ್ಷದ ಹಿಂದೆ ಆದದ್ದು ಅಲ್ಲಿ ಕೆಲವರ ಬಾಯಲ್ಲಿ ಈಗ ಆಗುತ್ತಿದೆ.

ಕನ್ನಡದಲ್ಲಿ ಈ ಅಕ್ಷರ ಎಷ್ಟು ಹಳೆಯದು ಅಂದರೆ, ನಮಗೆ ಗೊತ್ತಿರುವ ತೀರಾ ಹಳೆಯ ಕನ್ನಡ ಬರಹಗಳಲ್ಲೇ ಇದೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ನಿಮಗೆ ಗೊತ್ತೇ ಇರುತ್ತೆ. ಕಾಲ ಸುಮಾರು ಕ್ರಿ.ಶ. 450. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಕೇಕಯರು, ಪಲ್ಲವರ ವಿರುದ್ಧ ಹೋರಾಡಿ ಗೆದ್ದ ವಿಜ ಅರಸ ಅನ್ನುವವನಿಗೆ ಊರುಗಳನ್ನು ಕೊಟ್ಟ ದಾಖಲೆ ಅದು. ಆ ಕೊಡುಗೆಗೆ ಅಲ್ಲಿ 'ಬಾಳ್ಗೞ್ಚು' ಅಂತ ಹೆಸರು. ಬಾಳ್ ಅಂದರೆ ಕತ್ತಿ, ಕೞ್ಚು ಅಂದರೆ ತೊಳೆ. ಯುದ್ಧ ಮುಗಿಸಿ ಬಂದ ವೀರನ ಕತ್ತಿ ತೊಳೆದು ಗೌರವಿಸಿ ಕೊಡುವ ಭೂಮಿ. ಒಂದೇ ಪದದಲ್ಲಿ ಳ ಮತ್ತು ೞ ಅಕ್ಕಪಕ್ಕ ನಿಂತಿವೆ. ಕೆತ್ತಿಸಿದವನಿಗೆ ಎರಡೂ ಒಂದೇ ಅನಿಸಿದ್ದರೆ ಎರಡು ಗುರುತು ಬೇಕಿರಲಿಲ್ಲ.

ಈ 'ಕೞ್ಚು' ಮುಂದೆ ಕರ್ಚು ಆಯಿತು, ಆಮೇಲೆ ಕಚ್ಚು ಆಯಿತು. ಅಕ್ಕಿ ತೊಳೆದ ನೀರಿಗೆ ಅಕ್ಕಚ್ಚು ಅನ್ನುತ್ತಾರೆ. ದನಕ್ಕೆ ಹಾಕುವ ಕಲಗಚ್ಚು ಕೂಡ ಇದೇ ಪದದ ಕುಟುಂಬ. ಹಲ್ಮಿಡಿಯ ವೀರನ ಕತ್ತಿ ತೊಳೆದ ಪದ ಈಗಲೂ ಕೊಟ್ಟಿಗೆಯಲ್ಲಿ ಇದೆ ಅನ್ನುವುದು ನನಗೆ ಬಹಳ ಇಷ್ಟವಾದ ವಿಷಯ.

ಇನ್ನು ವ್ಯಾಕರಣದ ಕಡೆಗೆ. ಸುಮಾರು 1260ರಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆದ. ಸಂಸ್ಕೃತದಿಂದ ಬಂದ ಕೆಲವು ಅಕ್ಷರಗಳನ್ನು ಕಳೆದು, ಕನ್ನಡಕ್ಕೆ ಬೇಕಾದ ಅಕ್ಷರ 47 ಅಂತ ಲೆಕ್ಕ ಹಾಕಿದ. ಅದರಲ್ಲಿ ಐದನ್ನು ದೇಶೀಯ ಅಂತ ಬೇರೆಯಾಗಿ ಹೇಳಿದ. ಹ್ರಸ್ವ ಎ, ಹ್ರಸ್ವ ಒ, ಱ, ೞ ಮತ್ತು ಳ. ಇವು ಈ ನೆಲದ ಮಾತಿನವು. ಅದಕ್ಕೇ ಸಂಸ್ಕೃತದ ಪದ ಒಂದರಲ್ಲೂ ನಿಮಗೆ ೞ ಸಿಗುವುದಿಲ್ಲ.

ಕೇಶಿರಾಜನ ಪುಸ್ತಕದಲ್ಲಿ ಮೂರು ಥರದ ಳ ಬರುತ್ತವೆ. ಕುಳ, ಕ್ಷಳ, ರಳ. ಕುಳ ಅಂದರೆ ಅಚ್ಚಗನ್ನಡದ ಳ. ಕ್ಷಳ ಅಂದರೆ ಸಂಸ್ಕೃತದ ಲ ಕನ್ನಡದಲ್ಲಿ ಳ ಆದದ್ದು. ರಳ ನಮ್ಮ ೞ. ಒಂದು ಉದಾಹರಣೆ ನೋಡಿ. ದುಂಬಿಗೆ ಸಂಸ್ಕೃತದಲ್ಲಿ ಅಲಿ, ಕನ್ನಡ ಕಾವ್ಯದಲ್ಲಿ ಅದು ಅಳಿ. ಇದು ಕ್ಷಳ. ಆಸೆಗೆ ಹಳಗನ್ನಡದಲ್ಲಿ ಅಳಿಪು ಅಂತ ಒಂದು ಪದ. ಇದು ಕುಳ. ನಾಶವಾಗು ಅನ್ನುವ ಅರ್ಥದ ಅೞಿ ಮಾತ್ರ ರಳ. ಇವತ್ತಿನ ಅಚ್ಚಿನಲ್ಲಿ ಮೂರೂ ಒಂದೇ ಅಕ್ಷರ. ಆಗ ಕವಿಯಾಗಬೇಕಾದರೆ ಯಾವುದು ಯಾವುದು ಅಂತ ಗೊತ್ತಿರಲೇಬೇಕಿತ್ತು.

ಯಾಕೆ ಅಂದರೆ ಆದಿಪ್ರಾಸ. ಹಳಗನ್ನಡ ಪದ್ಯದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಮೊದಲ ಸಾಲಿನಲ್ಲಿ ೞ ಬಂದರೆ ಉಳಿದ ಸಾಲುಗಳಲ್ಲೂ ೞ ಬರಬೇಕು. ಬಾಯಲ್ಲಿ ಎರಡೂ ಬೇರೆಬೇರೆ ಇದ್ದ ಕಾಲದಲ್ಲಿ ಇದಕ್ಕೆ ಪಟ್ಟಿ ಬೇಕಾಗಿರಲಿಲ್ಲ, ಕಿವಿಯೇ ಹೇಳುತ್ತಿತ್ತು. ಕೇಶಿರಾಜ ಮಾತ್ರ ರಳ ಇರುವ ಪದಗಳನ್ನು ಪಟ್ಟಿ ಮಾಡಿ ಕೊಡುತ್ತಾನೆ. ನನಗೆ ಆ ಪಟ್ಟಿ ಬಹಳ ಮುಖ್ಯ ಅನಿಸುತ್ತೆ. 13ನೇ ಶತಮಾನದ ಹೊತ್ತಿಗೆ ಜನರ ಮಾತಿನಲ್ಲಿ ೞ ಹೋಗಿಬಿಟ್ಟಿತ್ತು, ಕಲಿತವರು ಬಾಯಿಪಾಠ ಮಾಡಿ ಉಳಿಸಿಕೊಳ್ಳಬೇಕಾಗಿತ್ತು ಅನ್ನುವುದಕ್ಕೆ ಅದೇ ಸಾಕ್ಷಿ. ಇವತ್ತು ನಾವು ಮಕ್ಕಳಿಗೆ ಶ, ಷ ವ್ಯತ್ಯಾಸವನ್ನು ಪದ ನೋಡಿ ನೆನಪಿಟ್ಟುಕೊಳ್ಳಲು ಹೇಳುತ್ತೇವಲ್ಲ, ಹಾಗೆ.

ಈಗ ಬದಲಾವಣೆ ಹೇಗಾಯಿತು ಅನ್ನುವುದು. ಇದು ಎರಡು ದಾರಿಯಲ್ಲಿ ನಡೆಯಿತು. ಶಾಸನಗಳಲ್ಲಿ 8ನೇ ಶತಮಾನದ ಸುಮಾರಿಗೆ ಎರಡೂ ಕಾಣಿಸಿಕೊಳ್ಳಲು ಶುರುವಾಗುತ್ತವೆ.

ಮೊದಲನೆಯ ದಾರಿ ಸುಲಭ. ೞ ಆದ ಮೇಲೆ ಸ್ವರ ಇದ್ದರೆ ಅದು ಳ ಆಯಿತು. ಮೞೆ ಮಳೆ ಆಯಿತು. ಕೊೞಲ್ ಕೊಳಲು ಆಯಿತು. ಸುೞಿ ಸುಳಿ ಆಯಿತು. ಪೞೆಯ ಮೊದಲು ಪಳೆಯ ಆಗಿ, ಆಮೇಲೆ ಪಕಾರ ಹಕಾರವಾದಾಗ ಹಳೆಯ ಆಯಿತು. 'ಹಳಗನ್ನಡ' ಅನ್ನುವ ಪದವೇ ಮೊದಲು ಪೞಗನ್ನಡ. ಒಂದೊಂದು ಪದ ಮಾತ್ರ ಸ್ವಲ್ಪ ಸುತ್ತಿ ಬಂತು. ನೆೞಲ್ ನೆಳಲು ಆಗಿ, ಕೊನೆಗೆ ನೆರಳು ಆಯಿತು. ಮೊೞಕಾಲ್ ಮೊಳಕಾಲು ಆಗಿ, ಈಗ ಮೊಣಕಾಲು.

ಎರಡನೆಯ ದಾರಿಯೇ ನನ್ನ ಮಟ್ಟಿಗೆ ಈ ಅಕ್ಷರದ ಕತೆಯ ಜೀವ. ೞ ಆದ ಕೂಡಲೇ ಇನ್ನೊಂದು ವ್ಯಂಜನ ಇದ್ದರೆ ಅದು ರ್ ಆಯಿತು. ಆಮೇಲೆ ಆ ರ್ ಮುಂದಿನ ಅಕ್ಷರದಲ್ಲಿ ಸೇರಿ ಅದೇ ಅಕ್ಷರದ ಒತ್ತು ಆಯಿತು. ಗೞ್ದೆ, ಗರ್ದೆ, ಗದ್ದೆ. ದಾನಶಾಸನಗಳನ್ನು ಓದುವಾಗ ಇವು ನಿಮಗೆ ಒಂದಲ್ಲ ಒಂದು ಕಡೆ ಸಿಕ್ಕೇ ಸಿಗುತ್ತವೆ. ಪೊೞ್ತು ಹೊತ್ತು ಆಯಿತು. ಕೞ್ತೆ ಕತ್ತೆ ಆಯಿತು. ತೊೞ್ತು ತೊತ್ತು ಆಯಿತು. ಏಳು ಹತ್ತುಗಳಿಗೆ ನಾವು ಎಪ್ಪತ್ತು ಅನ್ನುವುದೂ ಇದರಿಂದಲೇ: ಎೞ್ಪತ್ತು, ಎರ್ಪತ್ತು, ಎಪ್ಪತ್ತು. ಇರ್ದು ಅನ್ನುವುದು ಇದ್ದು ಆದದ್ದೂ ಇದೇ ಅಲೆಯಲ್ಲಿ. ಅಲ್ಲಿ ಮೊದಲಿಂದಲೂ ರ ಇತ್ತು ಅಷ್ಟೇ.

ಈಗ ನಾವು ದಿನಾ ಆಡುವ ಕ್ರಿಯಾಪದಗಳನ್ನು ನೋಡಿ. ಬೀಳು, ಬಿದ್ದು. ಏಳು, ಎದ್ದು. ಕೀಳು, ಕಿತ್ತು. ಅಳು, ಅತ್ತು. ಉಳು, ಉತ್ತು. ಕನ್ನಡ ಕಲಿಯಲು ಬರುವ ಹೊರಗಿನವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಬೀಳಿದ, ಅಳಿದ ಅಂತ ಯಾಕೆ ಹೇಳಬಾರದು, ಈ ದ್ದು, ತ್ತು ಎಲ್ಲಿಂದ ಬಂತು ಅಂತ ಕೇಳುತ್ತಾರೆ. ನಾವು 'ಅದು ಹಾಗೇ' ಅಂದುಬಿಡುತ್ತೇವೆ. ಪಾಠದ ಪುಸ್ತಕಗಳಲ್ಲೂ ಇವನ್ನು ನಿಯಮ ಮೀರಿದ ರೂಪಗಳು ಅಂತ ಬೇರೆ ಪಟ್ಟಿಗೆ ಹಾಕುತ್ತಾರೆ. ಆದರೆ ೞ ತಂದಿಟ್ಟು ನೋಡಿದರೆ ಇವು ನಿಯಮ ಮೀರಿಯೇ ಇಲ್ಲ. ಬಿೞ್ದು, ಬಿರ್ದು, ಬಿದ್ದು. ಎೞ್ದು, ಎರ್ದು, ಎದ್ದು. ಕಿೞ್ತು, ಕಿತ್ತು. ಅೞ್ತು, ಅತ್ತು. ಉೞ್ತು, ಉತ್ತು. ಗೞ್ದೆ ಗದ್ದೆಯಾದ ದಾರಿಯಲ್ಲೇ ಇವೂ ಬಂದಿವೆ. ವರ್ತಮಾನದಲ್ಲಿ ಸ್ವರ ಬಂದದ್ದರಿಂದ ೞ ಳ ಆಗಿ ಉಳಿಯಿತು. ಭೂತಕಾಲದಲ್ಲಿ ವ್ಯಂಜನ ಬಂದದ್ದರಿಂದ ಅದು ಕರಗಿತು. ಒಂದೇ ಉಲಿ ಎರಡು ಕಡೆ ಎರಡು ಥರ ಆಯಿತು.

ಮೂಲದಲ್ಲೇ ಳ ಇದ್ದ ಕ್ರಿಯಾಪದ ಹೇಗಿರುತ್ತೆ? ಕೊಳ್ಳು ನೋಡಿ. ಅದು ಹಳಗನ್ನಡದಲ್ಲಿ ಕೊಳ್, ಭೂತಕಾಲ ಕೊಂಡು. ಕೊದ್ದು ಅಲ್ಲ, ಕೊತ್ತು ಅಲ್ಲ. ಕೊಲ್ಲು ಅನ್ನುವುದು ಕೊಲ್, ಭೂತಕಾಲ ಕೊಂದು. ಅಲ್ಲಿ ಲ. ಹೀಗೆ ಲ, ಳ, ೞ ಮೂರೂ ನಮ್ಮ ಭೂತಕಾಲದ ರೂಪಗಳಲ್ಲಿ ಬೇರೆಬೇರೆ ಗುರುತು ಬಿಟ್ಟಿವೆ.

ಒಂದು ಎಚ್ಚರಿಕೆ ಹೇಳಲೇಬೇಕು. ದ್ದು ಕಂಡ ಕೂಡಲೇ ಹಿಂದೆ ೞ ಇತ್ತು ಅಂತ ತೀರ್ಮಾನ ಮಾಡಬೇಡಿ. ಗೆದ್ದು ಬಂದದ್ದು ಗೆಲ್ದು ಅನ್ನುವುದರಿಂದ. ಕಳ್ಳತನದ ಕದ್ದು ಅನ್ನುವುದರ ಮೂಲದಲ್ಲಿ ಇರುವುದು ಳ. ಇನ್ನೊಂದು ಕಡೆ, ೞ ಇದ್ದೂ ಈ ದಾರಿ ಹಿಡಿಯದ ಕ್ರಿಯಾಪದಗಳಿವೆ. ಪೇೞ್ ಅನ್ನುವುದು ಹೇಳು ಆಯಿತು, ಬಾೞ್ ಬಾಳು ಆಯಿತು. ಇವುಗಳಲ್ಲಿ ಭೂತಕಾಲದಲ್ಲೂ ದೀರ್ಘ ಸ್ವರ ಉಳಿಯಿತು. ಪೇೞ್ದ, ಬಾೞ್ದ ಅನ್ನುವುವು ಕೊನೆಗೆ ಹೇಳಿದ, ಬಾಳಿದ ಆಗಿ ಉಳಿದವರ ಸಾಲಿಗೆ ಸೇರಿದವು.

ಹಾಗಾದರೆ ನಮ್ಮ ಒಂದು ಪದದ ಳ ಮೊದಲು ೞ ಆಗಿತ್ತೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಅಕ್ಕಪಕ್ಕದ ಭಾಷೆಗಳನ್ನು ಕೇಳಬೇಕು. ತಮಿಳು, ಮಲಯಾಳಗಳಲ್ಲಿ ೞ ಹಾಗೇ ಇದೆ, ಆದ್ದರಿಂದ ಅಲ್ಲಿ ನೋಡಿದರೆ ತಕ್ಷಣ ಗೊತ್ತಾಗುತ್ತೆ. ಬಾಳೆಗೆ ತಮಿಳಿನಲ್ಲಿ ವಾೞೈ. ಬಳೆಗೆ ವಳೈ. ಅಂದರೆ ಬಾಳೆಯದು ೞ, ಬಳೆಯದು ಳ. ತೆಲುಗಿನಲ್ಲೂ ಮೊದಲು ಈ ಅಕ್ಷರ ಇತ್ತು. ಅಲ್ಲಿ ಅದು ಎಷ್ಟೋ ಪದಗಳಲ್ಲಿ ಡ ಆಯಿತು. ನಮ್ಮ ಏಳು ಅವರಿಗೆ ಏಡು. ನಮ್ಮ ಕೋಳಿ ಅವರಿಗೆ ಕೋಡಿ. ಹಾಳು ಅನ್ನುವುದು ಪಾಡು. ಕತ್ತೆ ಅಲ್ಲಿ ಗಾಡಿದ. ಚೋಳರನ್ನು ತೆಲುಗಿನವರು ಚೋಡ ಅನ್ನುವುದೂ ಹೀಗೆಯೇ.

ತುಳುವಿನಲ್ಲಿ ಇದು ಹಲವು ಪದಗಳಲ್ಲಿ ರ ಆಗಿದೆ. ಬಾಳೆಗೆ ಬಾರೆ. ಕೋಳಿಗೆ ಕೋರಿ. ಮಂಗಳೂರಿನ ಕಡೆ ಕೋರಿ ರೊಟ್ಟಿ ತಿಂದವರೆಲ್ಲ ೞ ಹಿಡಿದ ಇನ್ನೊಂದು ದಾರಿಯನ್ನು ಬಾಯಲ್ಲಿ ಹೇಳಿದವರೇ. ಕೋೞಿ, ಕೋಳಿ, ಕೋಡಿ, ಕೋರಿ. ಒಂದು ಉಲಿ ನಾಲ್ಕು ಕಡೆ ನಾಲ್ಕು ಥರ. ನೀಲಗಿರಿಯ ಬಡಗರ ಮಾತು ಕನ್ನಡಕ್ಕೆ ಬಹಳ ಹತ್ತಿರದ್ದು. ಅಲ್ಲಿ ಇನ್ನೂ ವಿಚಿತ್ರ ಆಯಿತು. ಇಂಥ ವ್ಯಂಜನ ಬಿದ್ದುಹೋಗಿ ನಾಲಿಗೆಯ ಮಡಿಕೆ ಮಾತ್ರ ಪಕ್ಕದ ಸ್ವರಕ್ಕೆ ಅಂಟಿಕೊಂಡಿತು. ಮಡಚಿದ ನಾಲಿಗೆಯಿಂದ ಹೇಳುವ ಸ್ವರಗಳು ಅವರ ಮಾತಿನಲ್ಲಿವೆ. ಎಮಿನೋ ಅನ್ನುವ ಭಾಷಾತಜ್ಞರು 1930ರ ದಶಕದಲ್ಲೇ ಇದನ್ನು ಬರೆದು ತೋರಿಸಿದರು.

'ಯಾಕೆ ಕೈಬಿಟ್ಟರು' ಅಂತ ಕೇಳಿದ್ದೀರಿ. ಯಾರೂ ಕೂತು ತೀರ್ಮಾನ ಮಾಡಿ ಬಿಟ್ಟಿದ್ದಲ್ಲ. ಬಾಯಿ ಮೊದಲು ಬಿಟ್ಟಿತು, ಕೈ ನಿಧಾನವಾಗಿ ಬಿಟ್ಟಿತು. ೞ ಮತ್ತು ಳ ನಡುವಿನ ದೂರ ಬಹಳ ಕಡಿಮೆ. ನಾಲಿಗೆ ಅಂಗುಳಿಗೆ ತಾಗಿತೋ ಇಲ್ಲವೋ ಅನ್ನುವುದೊಂದೇ ವ್ಯತ್ಯಾಸ. ಅದರ ಜೊತೆ, ಈ ಎರಡೂ ಒಂದಾದರೆ ಗೊಂದಲ ಆಗುವ ಪದಜೋಡಿಗಳು ಕಡಿಮೆ. ಇದ್ದರೂ ಮಾತಿನ ಸಂದರ್ಭದಲ್ಲಿ ಅರ್ಥ ಗೊತ್ತಾಗಿಬಿಡುತ್ತೆ. ಹರಿಯುವ ಹೊಳೆ ಹಳಗನ್ನಡದಲ್ಲಿ ಪೊೞೆ. ಮಿಂಚುವ ಹೊಳೆ ಅಲ್ಲಿ ಪೊಳೆ. ಇವತ್ತು ಎರಡೂ ಒಂದೇ. ಹೊಳೆಯಲ್ಲಿ ನೀರು ಹೊಳೆಯುತ್ತಿದೆ ಅಂದರೆ ಯಾರಿಗೂ ತೊಡಕಾಗುವುದಿಲ್ಲ, ಅಲ್ವಾ? ಎಳೆಯ ಮಗುವಿನ ಎಳೆ, ನೂಲಿನ ಎಳೆ ಕೂಡ ಹೀಗೆಯೇ. ಮಗುವಿನದು ಳ, ನೂಲಿನದು ೞ.

ಬರಹದಲ್ಲಿ ಮಾತ್ರ ಇನ್ನೂ ಕೆಲವು ಕಾಲ ೞ ಉಳಿಯಿತು. ಮಾತಿನಲ್ಲಿ ಇಲ್ಲದ್ದನ್ನು ಬರೆಯುವಾಗ ತಪ್ಪು ಆಗೇ ಆಗುತ್ತೆ. ಕೆಲವು ಶಾಸನಗಳಲ್ಲಿ ೞ ಇರಬೇಕಾದ ಕಡೆ ಳ ಇದೆ. ಕೆಲವು ಕಡೆ ಳ ಇರಬೇಕಾದಲ್ಲಿ ೞ ಹಾಕಿದ್ದಾರೆ, ಹಳೆಯದಾಗಿ ಕಾಣಲಿ ಅಂತಲೋ ಅನುಮಾನಕ್ಕೋ. ಓದುವವರಿಗೆ ಈ ತಪ್ಪುಗಳು ಬಹಳ ಉಪಯೋಗಕ್ಕೆ ಬರುತ್ತವೆ. ತಾರೀಖು ಇಲ್ಲದ ಶಾಸನದ ಕಾಲ ಊಹಿಸಲು ಲಿಪಿಯ ಆಕಾರದ ಜೊತೆ ಇದನ್ನೂ ನೋಡುತ್ತಾರೆ. ನಿಮ್ಮೂರಿನ ಕಲ್ಲಿನ ಪಾಠದಲ್ಲಿ ೞ ಎಲ್ಲೆಲ್ಲಿ ಬಂದಿದೆ ಅಂತ ಗುರುತು ಹಾಕಿ. ಅದರ ಎದುರಿಗೆ ತಮಿಳಿನ ಪದ ಬರೆದು ಹೋಲಿಸಿ. ಎಲ್ಲ ಕಡೆ ಸರಿಯಾಗಿದ್ದರೆ ಕೆತ್ತಿಸಿದವನಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು ಅಂತ ಅರ್ಥ. ಹೈಸ್ಕೂಲಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಬೇಸಿಗೆ ರಜೆಯ ಕೆಲಸ ನನಗೆ ತೋಚುತ್ತಿಲ್ಲ. ಆದರೆ ಅಚ್ಚಾದ ಪಾಠವನ್ನೇ ನಂಬಬೇಡಿ. ಅಚ್ಚು ಮಾಡಿದವರು ಕೆಲವೊಮ್ಮೆ ಅನುಕೂಲಕ್ಕೆ ಅಂತ ೞ ತೆಗೆದು ಳ ಹಾಕಿರುತ್ತಾರೆ. ಆದ್ದರಿಂದ ಕಲ್ಲಿನ ಪಡಿಯಚ್ಚಿನ (ಕಲ್ಲಿನ ಮೇಲೆ ಕಾಗದ ಒತ್ತಿ ತೆಗೆದ ಅಚ್ಚಿನ) ಫೋಟೋ ಸಿಕ್ಕಿದರೆ ಅದನ್ನೂ ನೋಡಿ.

19ನೇ ಶತಮಾನದಲ್ಲಿ ಅಚ್ಚಿನ ಮನೆಗಳು ಬಂದಾಗ ಹಳಗನ್ನಡ ಪುಸ್ತಕಗಳ ಜೊತೆ ಈ ಅಕ್ಷರವೂ ಸೀಸದ ಮೊಳೆಯಾಗಿ ಮತ್ತೆ ಬಂತು. ಇದರಲ್ಲಿ ಕಿಟ್ಟೆಲ್ ಅವರ ಪಾಲು ದೊಡ್ಡದು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ೞ, ಱ ಎರಡನ್ನೂ ಬೇರೆಯಾಗಿ ತೋರಿಸಿದ್ದಾರೆ. ಒಂದು ಪದದ ಳ ಮೂಲದಲ್ಲಿ ಯಾವುದು ಅಂತ ಅನುಮಾನ ಬಂದಾಗ ನಾನು ಈಗಲೂ ಮೊದಲು ತೆರೆಯುವುದು ಅದನ್ನೇ.

ಈಗ ಕಂಪ್ಯೂಟರಿನ 'ಫ'. ಜಗತ್ತಿನ ಎಲ್ಲ ಲಿಪಿಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ, ಒಂದೊಂದು ಇಂಗ್ಲಿಷ್ ಹೆಸರು ಕೊಡುವ ವ್ಯವಸ್ಥೆ ಯೂನಿಕೋಡ್. 1990ರ ದಶಕದ ಆರಂಭದಲ್ಲಿ ಕನ್ನಡದ ಅಕ್ಷರಗಳನ್ನು ಸೇರಿಸುವಾಗ ೞಗೆ 'ಕನ್ನಡ ಲೆಟರ್ ಎಫ್ಎ' ಅಂತ ತಪ್ಪು ಹೆಸರು ಬಿತ್ತು. ಕನ್ನಡದ ಯಾವ ಕಾಲದಲ್ಲೂ ಈ ಅಕ್ಷರ ಫ ಅನ್ನುವ ಉಲಿಗೆ ನಿಂತದ್ದಿಲ್ಲ. ಕಾಫಿ, ಫೋನುಗಳ ಫ ಬೇಕಾದರೆ ನಾವು ಫ ಬರೆದು ಕೆಳಗೆ ಎರಡು ಚುಕ್ಕಿ ಇಡುತ್ತೇವೆ. ತಪ್ಪು ಗೊತ್ತಾದ ಮೇಲೂ ಸರಿ ಮಾಡಲು ಆಗಲಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಎಂದೂ ಬದಲಿಸಬಾರದು ಅನ್ನುವುದು ಯೂನಿಕೋಡಿನ ಕಟ್ಟುನಿಟ್ಟಿನ ನಿಯಮ. ಆದ್ದರಿಂದ ಹಳೆಯ ಹೆಸರನ್ನು ಹಾಗೇ ಬಿಟ್ಟು, 'ಎಲ್ಎಲ್ಎಲ್ಎ' ಅನ್ನುವುದು ಇದರ ಸರಿಯಾದ ಹೆಸರು ಅಂತ ಅಧಿಕೃತ ತಿದ್ದುಪಡಿ ಸೇರಿಸಿದ್ದಾರೆ. ತಮಿಳು, ಮಲಯಾಳಗಳ ಇದೇ ಅಕ್ಷರಕ್ಕೂ ಅಲ್ಲಿ ಅದೇ ಹೆಸರು. ಇನ್ನೊಂದು ವಿಷಯ: ಭಾರತದ ಲಿಪಿಗಳನ್ನು ಯೂನಿಕೋಡ್ ಒಂದೇ ಕ್ರಮದಲ್ಲಿ ಜೋಡಿಸಿದೆ. ಆ ಕ್ರಮದಲ್ಲಿ ಳ ಪಕ್ಕದ ಮನೆ ೞಗೆ ಸೇರಬೇಕು. ತೆಲುಗಿನ ಹಳೆಯ ೞ 2014ರಲ್ಲಿ ಸೇರಿದಾಗ ಅಲ್ಲೇ ಹೋಗಿ ಕೂತಿತು. ಕನ್ನಡದಲ್ಲಿ ಮಾತ್ರ ಆ ಮನೆ ಖಾಲಿ ಇದೆ. ನಮ್ಮ ೞ ಎಲ್ಲೋ ದೂರದಲ್ಲಿ ತಪ್ಪು ಹೆಸರಿನಲ್ಲಿದೆ.

ಟೈಪ್ ಮಾಡುವುದು ಹೇಗೆ ಅಂತಲೂ ಹೇಳಿಬಿಡುತ್ತೇನೆ. ಮೈಕ್ರೋಸಾಫ್ಟ್ ವರ್ಡ್ ಇದ್ದರೆ ಇಂಗ್ಲಿಷ್ ಕೀಲಿಮಣೆಯಲ್ಲಿ ಸೊನ್ನೆ, ಸಿ, ಡಿ, ಇ ಒತ್ತಿ, ಕೂಡಲೇ ಆಲ್ಟ್ ಹಿಡಿದು ಎಕ್ಸ್ ಒತ್ತಿ. ೞ ಬರುತ್ತೆ. ಫೋನಿನಲ್ಲಾದರೆ ಇಲ್ಲಿಂದಲೇ ನಕಲು ಮಾಡಿ ಇಟ್ಟುಕೊಳ್ಳಿ. ಹುಡುಕುವಾಗ ಒಂದು ನೆನಪಿರಲಿ. ಕಂಪ್ಯೂಟರಿಗೆ ಮೞೆ ಬೇರೆ, ಮಳೆ ಬೇರೆ. ಹಳಗನ್ನಡದ ಪಠ್ಯದಲ್ಲಿ ಪದ ಹುಡುಕುವಾಗ ಎರಡನ್ನೂ ಹಾಕಿ ನೋಡಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಈಗ ಬರೆದರೆ ತಪ್ಪಾ? ದಿನದ ಕನ್ನಡದಲ್ಲಿ ಇದನ್ನು ಮತ್ತೆ ತರಬೇಕು ಅನ್ನುವವರಿದ್ದಾರೆ. ಅವರ ಪ್ರೀತಿ ನನಗೆ ಅರ್ಥವಾಗುತ್ತೆ, ಆದರೂ ನಾನು ಬೇಡ ಅನ್ನುತ್ತೇನೆ. ಬಾಯಲ್ಲಿ ಇಲ್ಲದ ವ್ಯತ್ಯಾಸವನ್ನು ಮಕ್ಕಳು ಬಾಯಿಪಾಠ ಮಾಡಬೇಕಾಗುತ್ತೆ. ಬಾಳೆಗೆ ೞ, ಬಳೆಗೆ ಳ, ಕೋಳಿಗೆ ೞ, ಕೊಳಕ್ಕೆ ಳ ಅಂತ ಸುಮ್ನೆ ಒಂದು ಹೊರೆ. ಅದರಿಂದ ಅವರ ಕನ್ನಡ ಜಾಸ್ತಿ ಚೆನ್ನಾಗುವುದಿಲ್ಲ.

ಹಳಗನ್ನಡ ಪಠ್ಯದಲ್ಲಿ ಮಾತ್ರ ಇದು ಇರಲೇಬೇಕು. ಅಲ್ಲಿ ಳ ಹಾಕಿದರೆ ಕೆಲವು ಕಡೆ ಪದವೇ ಬದಲಾಗುತ್ತೆ. ಬಾಳ್ ಕತ್ತಿ, ಬಾೞ್ ಬದುಕು. ಆಳ್ ಅಂದರೆ ಆಳುವುದು, ಆೞ್ ಅಂದರೆ ಮುಳುಗುವುದು. ಒಂದು ಪದ್ಯದಲ್ಲಿ ಈ ಎರಡೂ ಬಂದಾಗ ಓದುವವನಿಗೆ ದಾರಿ ತೋರಿಸುವುದು ಆ ಅಕ್ಷರವೇ. ಪ್ರಾಸವೂ ಕಾಣದೆ ಹೋಗುತ್ತೆ. ಪಠ್ಯಪುಸ್ತಕದಲ್ಲಿ ಹಳಗನ್ನಡ ಪದ್ಯ ಕೊಡುವಾಗ ೞ, ಱ ಇಟ್ಟೇ ಕೊಡಬೇಕು, ಮೇಷ್ಟ್ರುಗಳು ಒಂದು ಸಲವಾದರೂ ಉಚ್ಚಾರ ಹೇಳಿಕೊಡಬೇಕು ಅಂತ ನಾನು ಬಹಳ ಗಟ್ಟಿಯಾಗಿ ನಂಬಿದ್ದೇನೆ. ಅರ್ಧ ಪೀರಿಯಡ್ ಸಾಕು. ಬಿದ್ದು, ಎದ್ದುಗಳ ಗುಟ್ಟು ಗೊತ್ತಾದ ಮಗು ಆಮೇಲೆ ಹಳಗನ್ನಡವನ್ನು ಬೇರೆ ಭಾಷೆ ಅಂತ ಹೆದರುವುದಿಲ್ಲ.

ಇನ್ನೊಂದು ಕಡೆ ಇದು ಇವತ್ತಿಗೂ ಪ್ರಶ್ನೆಯಾಗಿದೆ. ತಮಿಳು, ಮಲಯಾಳದ ಹೆಸರುಗಳನ್ನು ಕನ್ನಡದಲ್ಲಿ ಬರೆಯುವಾಗ. ಇಂಗ್ಲಿಷಿನಲ್ಲಿ ಈ ಉಲಿಗೆ ಝಡ್ ಮತ್ತು ಎಚ್ ಸೇರಿಸಿ ಬರೆಯುವ ರೂಢಿ ಇದೆ. ಅದನ್ನು ನೋಡಿ ನಮ್ಮವರು ಆಲಪ್ಪುಝ, ಕೋಝಿಕ್ಕೋಡ್ ಅಂತ ಬರೆದುಬಿಡುತ್ತಾರೆ. ಝಕ್ಕೂ ಈ ಉಲಿಗೂ ಯಾವ ಸಂಬಂಧವೂ ಇಲ್ಲ. ಆ ಊರಿನವರು ಯಾರೂ ಹಾಗೆ ಹೇಳುವುದಿಲ್ಲ. ಓದುಗರಿಗೆ ಗೊತ್ತಿದ್ದರೆ ಆಲಪ್ಪುೞ, ಕೋೞಿಕ್ಕೋಡ್ ಅಂತ ಬರೆಯಿರಿ. ಇಲ್ಲದಿದ್ದರೆ ಆಲಪ್ಪುಳ, ಕೋಳಿಕ್ಕೋಡ್ ಸರಿ. ನಮ್ಮ ಹಿರಿಯರು ಶತಮಾನಗಳಿಂದ ಮಾಡಿಕೊಂಡು ಬಂದದ್ದೇ ಇದು. ತಮಿಳು, ಚೋಳ ಅಂತಲೇ ಬರೆದರು, ತಮಿಝು, ಚೋಝ ಅನ್ನಲಿಲ್ಲ.

ಱ ಬಗ್ಗೆ ಎರಡು ಮಾತು. ಅದು ಒತ್ತಿ ಹೇಳುವ ಗಡಸು ರ. ಹಳೆಯ ಹೆಸರು ಶಕಟರೇಫ, ತೆಲುಗಿನಲ್ಲಿ ಬಂಡಿ ಱ. ಮೂಱು, ಆಱು, ನೂಱು, ಬೇಱೆ, ಅಱಿ ಇಂಥ ಪದಗಳಲ್ಲಿ ಇತ್ತು. ಬಾಗಿಲು ತೆರೆಯುವುದು ತೆಱೆ, ಸಮುದ್ರದ ಅಲೆ ತೆರೆ. ಹಾಲು ಕರೆಯುವುದು ಕಱೆ, ಹೆಸರು ಹಿಡಿದು ಕರೆಯುವುದು ಕರೆ. ಇದೂ ಮಾತಿನಲ್ಲಿ ರಕಾರದ ಜೊತೆ ಸೇರಿಹೋಯಿತು. ಆದರೆ ಬರಹದಲ್ಲಿ ೞಗಿಂತ ಬಹಳ ಹೆಚ್ಚು ಕಾಲ ಬಾಳಿತು. ಹಾಗಾಗಿ ನಿಮ್ಮ ಕಲ್ಲಿನ ಪಾಠದಲ್ಲಿ ಱ ಸರಿಯಾಗಿದ್ದು ೞ ಮಾತ್ರ ಹೆಚ್ಚುಕಡಿಮೆ ಆಗಿದ್ದರೆ ಆಶ್ಚರ್ಯಪಡಬೇಡಿ. ಮಗಳ ಜೊತೆ ಪಟ್ಟಿ ಮಾಡಲು ಕೂತಾಗ ಎರಡನ್ನೂ ಬೇರೆಬೇರೆ ಹಾಳೆಯಲ್ಲಿ ಬರೆದುಕೊಳ್ಳಿ.